ಎಲ್ಲ ಅಂದರೆ

ಮಾಚೇನಹಳ್ಳಿಯ ವೇಬ್ರಿಡ್ಜಿನ ಮೇಲೆ ಮೊದಲ ಸಲ
ಹದಿನಾಲ್ಕು ಚಕ್ರದ ಲಾರಿ, ಬೀಡುಕಬ್ಬಿಣ ಹೊತ್ತು.
ಪರದೆಯಲ್ಲಿ: ಮೈನಸ್ ಮೂವತ್ತೆರಡು ಸಾವಿರದ
ಐನೂರ ಮೂವತ್ತಾರು ಕಿಲೋ.

ಫೋನಿನಲ್ಲಿ ತಿಪ್ಪೇಶಿ ನಗಲಿಲ್ಲ.
"ಮೇಡಂ, ಈ ಲಾರಿ ಭೂಮಿಗೆ ಭಾರವೇ ಅಲ್ಲ ಅಂತಿದೆ ನಿಮ್ಮ ಪೆಟ್ಟಿಗೆ.
ಟೈರು ನೋಡಿದರೆ ಹಂಗೆ ಕಾಣಲ್ಲ."

ದುರ್ಗಿಗುಡಿಯ ಮಹಡಿಯಲ್ಲಿ, ರಾತ್ರಿ ಹತ್ತಕ್ಕೆ,
ನಾನೂ ಫಿಲೋಮಿನಾಳೂ ಕಡತ ಬಿಚ್ಚಿದೆವು.
ಕೋಡು ಒಂದೇ, ಕಂಪೈಲರು ಎರಡು:
ಆಫೀಸಿನ ಕಂಪ್ಯೂಟರಿಗೊಂದು,
ಪೆಟ್ಟಿಗೆಯೊಳಗಿನ ಪುಟ್ಟ ಚಿಪ್ಪಿಗೊಂದು.
ಒಂದೇ ಮನೆತನ. ಬೈಯುವ ರೀತಿ ಬೇರೆ.

ದೊಡ್ಡದು ಸುಮ್ಮನಿತ್ತು, ಸರಿಯೇ;
ಅದರ ಪಾತ್ರೆ ದೊಡ್ಡದು, ತುಳುಕುವುದಿಲ್ಲ.
ಹೇಳಬೇಕಾಗಿದ್ದದ್ದು ಚಿಕ್ಕದು.
ಎರಡಕ್ಕೂ ಒಂದೇ ಮಾತು ಬರೆದಿದ್ದೆವಲ್ಲ:
ಎಲ್ಲ ಎಚ್ಚರಿಕೆಯೂ ಇರಲಿ.

"ಎಲ್ಲ ಅಂದರೆ ಎಲ್ಲ ಅಲ್ಲ ಕಣೇ," ಅಂದಳು ಫಿಲೋಮಿನಾ.
"ಮದುವೆಗೆ 'ಮನೆಮಂದಿಯೆಲ್ಲ ಬನ್ನಿ' ಅಂತಾರೆ,
ಎಷ್ಟು ಎಲೆ ಅಂತ ಅಡಿಗೆಯವರನ್ನು ಕೇಳು.
ಇದರ ಎಲ್ಲದಲ್ಲಿ ತುಳುಕುವುದು ಸೇರಿಲ್ಲ.
ಹೆಸರು ಹಿಡಿದು ಕರೆಯಬೇಕು."

ಕರೆದಿದ್ದೆವು. ಅದೇ ಕಷ್ಟ.
ಯುಗಾದಿಯ ಹಿಂದಿನ ಸಂಜೆ ನಲವತ್ತೊಂದು ಬಂದಾಗ
ಆ ಹೆಸರಿಗೆ 'ಬೇಡ' ಅಂಟಿಸಿದವಳು ನಾನು.
ನಲವತ್ತು ಹುರುಳಿಲ್ಲದವೇ. ಈಗ ಎಣಿಸಿದೆ.

ಆ ಸಾಲಿನ ಮೇಲೆ ಬೆರಳಿಟ್ಟು
"ಇದು ಯಾವಾಗ ಬಂತು?" ಅಂತ ಕೇಳಿದಳು.
ಹೇಳಿದೆ.
ಚಹಾದ ಲೋಟ ಎತ್ತಿದಳು, ಕುಡಿಯದೆ ಇಟ್ಟಳು.

ಇನ್ನು ಒಂದೇ ಕಡತ. ಎರಡೂ ಅದನ್ನೇ ಓದಬೇಕು.
ಇದು ಬೈದದ್ದಕ್ಕೆ ಅದೂ ಬೈಯಬೇಕು,
ಪದ ಗೊತ್ತಿಲ್ಲವಾದರೆ ಗೊತ್ತಿಲ್ಲ ಎಂದಾದರೂ ಒದರಬೇಕು;
ಗೊತ್ತಿದ್ದವರ ಹಾಗೆ ತಲೆಯಾಡಿಸಿ ಮುಂದೆ ಹೋಗಕೂಡದು.
ಯಾರದೇ ಬಾಯಿ ಮುಚ್ಚಿಸಿದರೂ
ಪಕ್ಕದಲ್ಲೇ ಕಾರಣ, ತಾರೀಖು, ಮುಚ್ಚಿಸಿದವರ ಹೆಸರು.

ಮೊದಲ ಓಟಕ್ಕೇ ಇನ್ನೂರ ಹದಿನಾಲ್ಕು.
ಕೆಳಗೆ ಕೊನೆಯ ಅಂಗಡಿಯ ಷಟರು ಇಳಿಯಿತು.
ಒಂದೊಂದನ್ನೇ ಓದಿದೆವು, ಜೋರಾಗಿ,
ಸರದಿಯ ಮೇಲೆ, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ.

ಬೆಳಿಗ್ಗೆ ಹೊಸ ಚಿಪ್ಪು ಹಿಡಿದು ಹೋದೆ.
ತಿಪ್ಪೇಶಿಯ ಮೇಜಿನ ಮೇಲೆ ಅವನದೊಂದು ನೋಟ್‌ಬುಕ್ಕು,
ಲಾರಿಗೊಂದು ಸಾಲು, ಪೆನ್ಸಿಲ್ಲಿನಲ್ಲಿ.
ಯಂತ್ರ ಬಂದು ಮೂರು ವರ್ಷ; ಬರೆಯುವುದು ಬಿಟ್ಟಿಲ್ಲ.
ನಿನ್ನೆಯ ಸಾಲು:

ಮೈನಸ್ ಬಂತು. ಲಾರಿ ಇದೆ.