ಮೋರ್ಯರ ಗುಡ್ಡ

ಭತ್ತದ ಗದ್ದೆ ದಾಟಿ, ಕಾಲುವೆ ದಾಟಿ
ಏಳು ಗುಡ್ಡಗಳಲ್ಲಿ ಎರಡನೆಯದಕ್ಕೇ ನನ್ನ ಉಸಿರು ಮುಗಿಯಿತು.
ಯಮನೂರ ಹೊರಳಿಯೂ ನೋಡಲಿಲ್ಲ:
‘ಕುಂತರ ಕಾಲು ಕಲ್ಲಾಗ್ತಾವ್ರಿ, ನಡೀರಿ.’

ಬಂಡೆಯ ಹೊಟ್ಟೆಯಡಿ ಕೆಮ್ಮಣ್ಣಿನ ಜಿಂಕೆ,
ಬಾಲ ಮಳೆ ತಿಂದಿದೆ.
ಕೊರಕಲಿನಲ್ಲಿ ಕರಡಿ ಕೆದರಿದ ಹುತ್ತ, ಹಸಿ ಮಣ್ಣು;
ಅಲ್ಲಿ ಅವನೂ ಮಾತು ನಿಲ್ಲಿಸಿದ.

ಆಮೇಲೆ ಒಮ್ಮೆಲೇ ಊರು.
ಕಲ್ಲುಚಪ್ಪಡಿಯ ಮನೆಗಳು, ನನ್ನ ಎದೆಮಟ್ಟ.
ಬಾಗಿಲಿಲ್ಲ, ದುಂಡು ಕಿಂಡಿ, ರೊಟ್ಟಿಯಗಲ.
‘ಗೇಣುದ್ದದ ಮಂದಿ ಇದ್ರಂತ್ರಿ ಇಲ್ಲೆ.’
‘ಸತ್ತವರಿಗೆ ಕಟ್ಟಿದ್ದು’ ಎಂದೆ, ಓದಿದವಳ ಗತ್ತಿನಲ್ಲಿ.
‘ಹೌದೇನ್ರಿ? ಮತ್ತ ಕಿಂಡಿ ಯಾಕ?’
ಒಳಗಿಂದ ಮೇಕೆಮರಿಯೊಂದು ತಲೆ ಹಾಕಿ
ನಮ್ಮಿಬ್ಬರನ್ನೂ ನೋಡಿತು.

ನಡುವೆ ಕೆರೆ.
ಮನೆಗಳಿಗೆಂದು ಚಪ್ಪಡಿ ಎಬ್ಬಿಸಿದ ಗುಂಡಿಯಂತೆ,
ಮಳೆ ತುಂಬಿ ತುಂಬಿ ಹೀಗಾಯಿತಂತೆ.
ಯಮನೂರ ಪಾಚಿ ಸರಿಸಿ ಬೊಗಸೆಯಲ್ಲಿ ಕುಡಿದ.
ನಾನು ಬಾಟಲಿ ಅಲುಗಿಸಿದೆ: ಎರಡು ಗುಟುಕು.

ನಗಾರಿ ಬಂಡೆಗೆ ಅವನು ಕಲ್ಲಿನಿಂದ ಬಡಿದ.
ಸದ್ದು ಕೊರಕಲಿಗಿಳಿದು, ಗದ್ದೆಯವರೆಗೂ ಹೋಗಿ,
ನಾಟಿಯವರು ಯಾರೂ ತಲೆಯೆತ್ತದ್ದು ಕಂಡು
ಮರಳಿತೋ, ಅಲ್ಲೇ ಉಳಿಯಿತೋ.

ನಾನೂ ಬಗ್ಗಿದೆ.
ನೀರಿಗೆ ಬಂಡೆಯ ರುಚಿ.