ಎಣಿಕೆ ತಪ್ಪಿದ ಸುಗ್ಗಿ

ಸೆಪ್ಟೆಂಬರಿನ ಮೊದಲ ಸೋಮವಾರ
ಗೇಟಿನ ಚಿಲಕಕ್ಕೆ ಎಣ್ಣೆ ಬಿಡುವುದು ನನ್ನ ಕೆಲಸ.
ಆದರೂ ಕಿರುಗುಟ್ಟುತ್ತದೆ.
ಅದು ಚಿಲಕವೋ, ಅಮ್ಮನ ಕೋಟು ಬಿಡದ
ನಾಲ್ಕು ವರ್ಷದವರ ಅಳುವೋ,
ಇಪ್ಪತ್ತಾರು ವರ್ಷವಾಯಿತು, ಇನ್ನೂ ಬೇರೆ ಮಾಡಿ ಕೇಳಲಾರೆ.

ಲಿಂಕನ್‌ಶೈರಿನ ಈ ಮೂಲೆಯಲ್ಲಿ ನೆಲ
ಅಂಗೈಯಿಂದ ಒರೆಸಿಟ್ಟ ಹಾಗೆ ಸಪಾಟು.
ಸಮುದ್ರವನ್ನು ಹಿಂದಕ್ಕೆ ನೂಕಿ ಗಳಿಸಿದ ಕರಿಮಣ್ಣು.
ಎಲೆಕೋಸು, ಎಲೆಕೋಸು,
ನಡುವೆ ಒಂದು ಕಾಲುವೆ,
ಮತ್ತೆ ಎಲೆಕೋಸು.
ಗಾಳಿಗೆ ಒರಗಿಕೊಳ್ಳಲು ನಮ್ಮ ಶಾಲೆಯ ಗೋಡೆ ಬಿಟ್ಟರೆ ಏನೂ ಇಲ್ಲ.

ಅಕ್ಟೋಬರಿಗೆ ಮಕ್ಕಳ ಜೇಬು ಭಾರ.
ಚೆಸ್ಟ್‌ನಟ್ಟಿನ ಕಾಯಿ, ಈಗಷ್ಟೆ ಪಾಲಿಶ್ ಕಂಡ ಬೂಟಿನ ಬಣ್ಣ,
ದಾರಕ್ಕೆ ಪೋಣಿಸಿ ಒಂದಕ್ಕೊಂದು ಹೊಡೆದಾಡಿಸುವುದಕ್ಕೆ.
ಹೆಡ್‌ಮಿಸ್ಟ್ರೆಸ್ ಪ್ರಿಂಗಲ್ ಅವನ್ನು ಕಸಿದು
ನನ್ನ ಬಾಯ್ಲರ್ ಕೋಣೆಯ ಬಕೆಟ್ಟಿಗೆ ಸುರಿಯುತ್ತಾರೆ.
ಮೂರೂಕಾಲಿಗೆ ನಾನು ಬೆನ್ನು ತಿರುಗಿಸಿ ನಿಲ್ಲುತ್ತೇನೆ.
ಬಕೆಟ್ಟು ತನ್ನಷ್ಟಕ್ಕೆ ಖಾಲಿಯಾಗುತ್ತದೆ.

ಸುಗ್ಗಿ ಹಬ್ಬಕ್ಕೆ ಹಾಲಿನ ನೆಲವನ್ನು
ಎರಡು ರಾತ್ರಿ ಉಜ್ಜಿದ್ದೆ.
ವೇದಿಕೆಯ ತುಂಬ ಡಬ್ಬಿಗಳು: ಬೀನ್ಸು, ಪೀಚು, ಸಾರ್ಡೀನು,
ಯಾರದೋ ಕಪಾಟಿನ ಹಿಂಬದಿಯಿಂದ ಎದ್ದು ಬಂದ
ಅವಧಿ ಮೀರಿದ ಅಣಬೆ ಸೂಪು.
ನಡುವೆ ಗೋಧಿ ಸಿವುಡಿನ ಆಕಾರದ ದೊಡ್ಡ ಬ್ರೆಡ್ಡು,
ತೆನೆ ಹತ್ತುವ ಹಿಟ್ಟಿನ ಇಲಿ ಸಮೇತ.
ಪಾದ್ರಿ ಅದನ್ನು ಎರಡೂ ಕೈಯಲ್ಲಿ ಎತ್ತಿ
'ಈ ವರ್ಷದ ಹೊಸ ಫಲ' ಎಂದರು.
ಅದು ಐದು ವರ್ಷದ ಹಿಂದಿನದು.
ವಾರ್ನಿಷ್ ಬಳಿದವನು ನಾನು.

'ಸುಗ್ಗಿ ಯಾರು ಯಾರು ನೋಡಿದ್ದೀರಿ?'
ವಿಲ್ಫ್ರೆಡ್ ಕೈ ಎತ್ತಿದ. ಕಂಪ್ಯೂಟರ್ ಆಟದಲ್ಲಿ
ಅವನ ಹತ್ತಿರ ಮೂರು ಟ್ರ್ಯಾಕ್ಟರ್ ಇವೆ.
ಉಗ್ನೆ ಎತ್ತಲಿಲ್ಲ.
ಅವಳು ಹಿಂದೆ ತಿರುಗಿ ಬಾಗಿಲು ನೋಡುತ್ತಿದ್ದಳು.

ಬಾಗಿಲಲ್ಲಿ ಅವಳ ತಾಯಿ,
ಬೆಳಗಿನ ನಾಲ್ಕಕ್ಕೆ ಹಣೆಗೆ ದೀಪ ಕಟ್ಟಿಕೊಂಡು
ಕೋಸು ಕಡಿದು, ಹೊಲದಿಂದ ನೆಟ್ಟಗೆ ಬಂದವಳು.
ಯಾರೂ ಹೇಳದೆಯೇ ಬೂಟು ಬಿಚ್ಚಿಟ್ಟು
ಕಾಲುಚೀಲದಲ್ಲಿ ನನ್ನ ನೆಲದ ಮೇಲೆ
ಮಂಜಿನ ಮೇಲೆ ನಡೆದ ಹಾಗೆ ನಡೆದಳು.
ಇಷ್ಟು ವರ್ಷದಲ್ಲಿ ಹಾಗೆ ನಡೆದವರು ಇನ್ನೊಬ್ಬರಿಲ್ಲ,
ಪಾದ್ರಿಯೂ ಸೇರಿ.
ಒಂದನೇ ತರಗತಿಯ ಪುಟ್ಟ ಕುರ್ಚಿಯಲ್ಲಿ ಕುಳಿತಳು,
ಮಂಡಿ ಗದ್ದಕ್ಕೆ ತಾಗುವಂತೆ.
ಉತ್ತು ಬಿತ್ತುವ ಹಾಡು ಎರಡನೇ ಸಾಲಿಗೆ ಬರುವಷ್ಟರಲ್ಲಿ
ನಿದ್ದೆ ಹೋದಳು.

ಎಲ್ಲರೂ ಹೋದರು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ,
ಮಗಳಿಗೂ.
'ಬಾ, ಎಣಿಸೋಣ' ಎಂದೆ.
ಶುಕ್ರವಾರ ಆಹಾರ ಬ್ಯಾಂಕಿನ ವ್ಯಾನು ಬರುತ್ತದೆ.
ಅದು ಯಾರ ಯಾರ ಮನೆ ಮುಂದೆ ನಿಲ್ಲುತ್ತದೆಂದು
ಗೊತ್ತು ನನಗೆ. ಹೇಳುವುದಿಲ್ಲ.

ನಮ್ಮಜ್ಜ ಕುರಿ ಎಣಿಸುತ್ತಿದ್ದ ಹಾಗೆ ನಾನು
ಯಾನ್, ಟ್ಯಾನ್, ಟೆಥರಾ, ಪೆಥರಾ, ಪಿಂಪ್.
ಅವಳು ಅಜ್ಜಿಯ ಊರಿನ ಲೆಕ್ಕದಲ್ಲಿ
ವಿಯೆನಾಸ್, ದು, ತ್ರೀಸ್, ಕೆತುರಿ, ಪೆಂಕಿ.
ಪಿಂಪ್? ಪೆಂಕಿ! ಬಾಯಿ ಮುಚ್ಚಿ ನಕ್ಕಳು.
ಐದರ ಹತ್ತಿರ ಬಂದಾಗಲೆಲ್ಲ
ಒಂದೇ ಮನೆಯವರ ಹಾಗೆ ಕೇಳಿಸುತ್ತಿದ್ದೆವು.

ಕೊನೆಗೆ ನನ್ನದು ನೂರ ನಲವತ್ತಮೂರು.
ಅವಳದು ಒಂದು ಹೆಚ್ಚು.
ಮತ್ತೆ ಎಣಿಸಿದೆವು. ಮತ್ತೆ ಒಂದು ಹೆಚ್ಚು.
ಅವಳು ಬ್ರೆಡ್ಡನ್ನೂ ಲೆಕ್ಕಕ್ಕೆ ಹಿಡಿದಿದ್ದಳು.
'ತಿನ್ನಲು ಬಾರದ್ದನ್ನು ಎಣಿಸಬಾರದು' ಎಂದೆ.
ಅವಳು ಬೆರಳುಗುರಿನಿಂದ ಇಲಿಯನ್ನು ತಟ್ಟಿ ನೋಡಿದಳು.
ಟಕ್ ಟಕ್.
'ಮತ್ತೆ ಅದನ್ನೇ ಯಾಕೆ ಎತ್ತಿ ತೋರಿಸಿದ್ದು?'

ನನ್ನ ಬಳಿ ಬೀಗದ ಕೈ ಇಪ್ಪತ್ತೆರಡು ಇವೆ,
ಇದಕ್ಕೆ ಹೊಂದುವುದು ಯಾವುದೂ ಇಲ್ಲ.

ಐದು ಗಂಟೆಗೆ ಹೊರಗೆ ಆಗಲೇ ಮಸುಕು.
ತಾಯಿ ಬೆಚ್ಚಿ ಎದ್ದು, ಮೊದಲು ಕ್ಷಮೆ ಕೇಳಿ,
ಆಮೇಲೆ ಮಗಳನ್ನು ಹುಡುಕಿದಳು.
ಬೂಟುಗಳನ್ನು ರೇಡಿಯೇಟರಿನ ಪಕ್ಕ ಒಣಗಲು ಇಟ್ಟಿದ್ದೆ,
ಹಾಕಿಕೊಳ್ಳುವಾಗ ಆ ಬಿಸಿಗೆ
ಒಂದು ಕ್ಷಣ ಅವಳ ಮುಖ, ಹೇಗೆ ಹೇಳಲಿ,
ಮಗಳ ವಯಸ್ಸಿಗೆ ಬಂತು.

ಅವರು ಹೋದ ಮೇಲೆ ಪೊರಕೆ ತಂದೆ.
ರೇಡಿಯೇಟರಿನ ಕೆಳಗೆ ಎರಡು ಹೆಜ್ಜೆಯಾಕಾರ ಕರಿಮಣ್ಣು,
ಹಾಲಿನಲ್ಲಿದ್ದ ಅಷ್ಟೂ ಸುಗ್ಗಿಯಲ್ಲಿ
ಹೊಲದ ವಾಸನೆ ಇದ್ದದ್ದು ಅದೊಂದಕ್ಕೇ.
ಪೊರಕೆಯನ್ನು ಗೋಡೆಗೆ ಆನಿಸಿ
ದೀಪ ಆರಿಸಿದೆ.