ಹಾಜರಿ

ಡಾಕ್ಟರರು ಚೀಟಿಯಲ್ಲಿ ಅದರ ಇಂಗ್ಲಿಷ್ ಹೆಸರು ಬರೆದರು.
ಸಿಸ್ಟರ್ ಗೊನ್ಸಾಲ್ವಿಸ್ ವಸಯಿಯ ಮರಾಠಿಯಲ್ಲಿ ಕೇಳಿದರು:
ಮಳಮಳ್ತಂಯ್ ಕಾ, ಬಾಯಿ?
ಮೂವತ್ತೊಂದು ವರ್ಷ ಮುನಿಸಿಪಾಲಿಟಿ ಶಾಲೆಯಲ್ಲಿ
ಕನ್ನಡ ಕಲಿಸಿದ ಕಿವಿ ನನ್ನದು,
ಮಮ್ಮಲ ಮರುಗುವುದೇ ಕೇಳಿಸಿತು.
ಮರುಗುತ್ತಿಲ್ಲ ಸಿಸ್ಟರ್, ಎಂದೆ,
ಹೊಟ್ಟೆ ತೊಳಸುತ್ತಿದೆ, ಅಷ್ಟೇ.

ತೊಳಸು.
ಹಿಟ್ಟು ಗಂಟುಕಟ್ಟದಂತೆ ಸೌಟು ಆಡಿಸುವುದಕ್ಕೂ
ಇದೇ ಕ್ರಿಯಾಪದ.
ಸೌಟು ಯಾರ ಕೈಯಲ್ಲಿದೆ ಎಂಬುದು
ಮೊದಮೊದಲು ತಿಳಿಯಲಿಲ್ಲ.

ಕೋಕಮ್ ಶರಬತ್ತಿನ ಬಣ್ಣದ ಔಷಧ
ರಕ್ತಕ್ಕೆ ಇಳಿಯುತ್ತಿದ್ದಂತೆ
ಮೆದುಳಿನ ಬುಡದಲ್ಲಿ ಒಬ್ಬ ಕಾವಲುಗಾರ
ವಿಷ, ವಿಷ ಎಂದು ಕೂಗುತ್ತಾನಂತೆ.
ಹೊಟ್ಟೆ, ಪಾಪ, ಹೇಳಿದ ಮಾತು ಕೇಳುವ ಜಾತಿ.
ಅವನನ್ನು ಬೈಯಬೇಡಿ, ಎಂದರು ಸಿಸ್ಟರ್,
ಅವನ ಡ್ಯೂಟಿ ಅವನು ಮಾಡುತ್ತಾನೆ.
ಅವನು ಏಳುವ ಮೊದಲೇ ಮಾತ್ರೆ ನುಂಗಿ.
ಎದ್ದಮೇಲೆ ನುಂಗಿದರೆ
ಮಾತ್ರೆಯೂ ಅವನ ಪಾಲು.

ಶಾಲೆ ಮುಚ್ಚಿದ ದಿನ ಮನೆಗೆ ತಂದಿದ್ದ
ಖಾಲಿ ಹಾಜರಿ ಪುಸ್ತಕ ಒಂದಿತ್ತು.
ಬೆಳಿಗ್ಗೆ ಆರು: ಹಾಜರು.
ಒಂಬತ್ತು: ತಡವಾಗಿ ಬಂತು, ಹಿಂದಿನ ಬೆಂಚು.
ಮಧ್ಯಾಹ್ನ: ಎರಡು ಸಲ, ತಮ್ಮನನ್ನೂ ಕರೆದುಕೊಂಡು.
ರಾತ್ರಿ ಮೂರು: ಗೈರು. ಕೆಳಗೆ ಗೆರೆ ಎಳೆದೆ.
ಬರೆದು ಬರೆದು ಗೊತ್ತಾಯಿತು,
ಖಾಲಿ ಹೊಟ್ಟೆಯೇ ಅದಕ್ಕಿಷ್ಟದ ತರಗತಿ.
ಹಾಸಿಗೆ ಬಿಡುವ ಮೊದಲು ಒಂದು ಚಿಟಿಕೆ ಚುರುಮುರಿ.
ತಟ್ಟೆಯಲ್ಲ, ಬಟ್ಟಲು.
ಬಿಸಿಯದಲ್ಲ, ಆರಿದ್ದು, ಘಮ ಏಳದ್ದು.

ನಮ್ಮವರು ಇಂಗಿನ ಭಕ್ತರು.
ಆ ಆರು ತಿಂಗಳು ಡಬ್ಬಿ ಪಕ್ಕದ ಮನೆಯಲ್ಲಿ.
ಒಗ್ಗರಣೆಯಿಲ್ಲದ ಮೊಸರನ್ನ ಕಲಸಿಟ್ಟು
ಕಿಟಕಿಯತ್ತ ತಿರುಗಿ ಕೂರುತ್ತಿದ್ದರು.
ತಿಂದೆಯಾ ಎಂದು ಕೇಳಬಾರದೆಂದು
ಅವರಿಗೆ ಯಾರು ಕಲಿಸಿದರೋ.

ಡಬ್ಬಿ ಇಟ್ಟುಕೊಂಡ ಚಂದ್ರಭಾಗಾ ಕಾಕು
ಬೊಂಬಿಲ್ ಹುರಿಯುವುದನ್ನೇ ಬಿಟ್ಟಳು.
ಭಾನುವಾರ ಕಳವಾದ ತಂಗಿಯ ಮನೆಗೆ ಹೋಗಿ
ಅಲ್ಲೇ ಹುರಿದು, ತಿಂದು, ಡೊಂಬಿವಲಿಗೆ ಮರಳಿ
ಗ್ಯಾಲರಿಯ ಆ ತುದಿಯಲ್ಲಿ ನಿಂತು
ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುತ್ತಿದ್ದಳು.

ಐದನೆಯ ಸಲದಿಂದ ಅದು ಔಷಧಕ್ಕೂ ಕಾಯಲಿಲ್ಲ.
ಕುರ್ಲಾ ದಾಟಿ ಸಾಯನ್ ಬರುತ್ತಿದ್ದಂತೆ
ಬಾಯಲ್ಲಿ ನೀರು, ಕಿವಿಯ ಹಿಂದೆ ಬೆವರು.
ನಿಂಬೆಯ ಸಿಪ್ಪೆಗೆ ಉಗುರು ಒತ್ತಿ ಮೂಸುತ್ತಿದ್ದೆ,
ಉಸಿರು ಎಳೆದು, ನಾಲ್ಕು ಎಣಿಸಿ, ಬಿಡುತ್ತಿದ್ದೆ.
ಹೇರ್‌ಪಿನ್ ಮಾರುವ ಹುಡುಗಿ ಒಂದು ದಿನ
ಗದರಿಸಿ ನನಗೆ ಕಿಟಕಿ ಬಿಡಿಸಿಕೊಟ್ಟಳು,
ಎಷ್ಟನೇ ತಿಂಗಳು ಎಂದಳು.
ಐವತ್ತೆಂಟರ ಹೆಂಗಸಿಗೆ!
ಪರೇಲಿನವರೆಗೂ ನಕ್ಕೆ. ಅಂದು ವಾಂತಿಯಾಗಲಿಲ್ಲ.

ಮುಗಿದು ಎರಡು ವರ್ಷ ನಾಲ್ಕು ತಿಂಗಳು.
ಕೂದಲು ಬಂತು, ಗುಂಗುರಾಗಿ, ಬೇರೆ ಯಾರದೋ ಎಂಬಂತೆ.
ಇಂಗು ಮನೆಗೆ ಮರಳಿತು.
ದಾದರಿನ ಹೂವಿನ ಗಲ್ಲಿಯಲ್ಲಿ
ಶೇವಂತಿಗೆಗೆ ಚೌಕಾಸಿ ಮಾಡುತ್ತಿದ್ದೆ.
ಬಾಯಿ! ಎಂದು ಯಾರೋ ಕೂಗಿದರು.
ಬಿಳಿ ಸಮವಸ್ತ್ರವಿಲ್ಲ, ಹಸಿರು ಕುರ್ತಾ,
ಚೀಲದಿಂದ ಇಣುಕುವ ಬಾಳೆಹಣ್ಣು.
ಎಷ್ಟು ಖುಷಿಯಾಯಿತೆಂದರೆ
ಎರಡೂ ಕೈ ಚಾಚಿ ಓಡಿದೆ.
ಹೊಟ್ಟೆ ಮಾತ್ರ ನನ್ನನ್ನು ಕೇಳಲಿಲ್ಲ.
ಹಾಜರ್ ಟೀಚರ್, ಎಂದು ಎದ್ದು ನಿಂತಿತು.

ಹೂವಿನವಳ ಬುಟ್ಟಿ ಉಳಿಯಿತು,
ನನ್ನ ಚಪ್ಪಲಿ ಉಳಿಯಲಿಲ್ಲ.
ಹಣೆಯ ಮೇಲೆ ಅದೇ ತಣ್ಣಗಿನ ಅಂಗೈ.
ತಪ್ಪಾಯಿತು ಎಂದರೆ ಸಿಸ್ಟರ್ ನಕ್ಕರು:
ನೀವೊಬ್ಬರೇ ಅಲ್ಲ. ವಿರಾರ್ ಲೋಕಲ್ಲಿನಲ್ಲಿ ಒಬ್ಬರಿದ್ದಾರೆ,
ನನ್ನನ್ನು ಕಂಡರೆ ಮುಂದಿನ ಸ್ಟೇಶನ್ನಿನಲ್ಲಿ ಇಳಿದುಬಿಡುತ್ತಾರೆ.
ಸರಿ, ಇದ್ದಾರಲ್ಲ, ಎಂದುಕೊಳ್ಳುತ್ತೇನೆ.

ಚಿಪ್ಪಿನಿಂದ ಒಂದು ಹಣ್ಣು ಮುರಿದು ಕೊಟ್ಟರು.
ಈಗಲೇ ಬೇಡ.
ಅರ್ಧ ಗಂಟೆ ಬಿಟ್ಟು,
ಸ್ವಲ್ಪ ಸ್ವಲ್ಪವೇ.